ಮೂಡಲ ಮೂಲೆಯ ಕಂಬ

ನಮ್ಮೂರಲ್ಲಿ ಕಂಬ ನೆಟ್ಟರೆ ನಿಲ್ಲುವುದಿಲ್ಲ. ಎಷ್ಟೇ ಆಳ ಅಗೆಯಿರಿ, ಕಲ್ಲು ಜಡಿಯಿರಿ, ಗಾರೆ ಸುರಿಯಿರಿ, ಹೊತ್ತು ನೆತ್ತಿಗೇರುವುದರೊಳಗೆ ಮಣ್ಣು ಅದನ್ನು ಹೊರಗೆ ಉಗುಳಿರುತ್ತದೆ. ಮರ ನೆಟ್ಟರೂ ಅಷ್ಟೇ. ಗೋಡೆ ಮೊಣಕಾಲೆತ್ತರ ಮೀರಿದರೆ ಬೆಳಗಾಗುವಷ್ಟರಲ್ಲಿ ಮಲಗಿಬಿಟ್ಟಿರುತ್ತದೆ. ಈ ಮಣ್ಣಿಗೆ ಯಾಕಿಷ್ಟು ಸೊಕ್ಕು ಅಂತ ಕೇಳಬೇಡಿ, ನಮಗೂ ಗೊತ್ತಿಲ್ಲ. ಇದು ತನ್ನ ಮೇಲೆ ನಿಲ್ಲಗೊಡುವುದು ಮನುಷ್ಯರ ಕಾಲನ್ನು ಮಾತ್ರ.

ಬಿಸಿಲು ಅಂದರೆ ಎಂಥ ಬಿಸಿಲು ಅಂತೀರಿ. ಹೊರಗಿಟ್ಟ ಹಾಲು ತಾನಾಗಿ ಉಕ್ಕುತ್ತದೆ, ಬಯಲಲ್ಲಿ ಮರೆತ ಮಾತು ಕೂಡ ಒಣಗಿ ಉದುರುತ್ತದೆ. ಅದಕ್ಕೇ ಊರಿಗೆಲ್ಲ ಸೇರಿ ಒಂದೇ ಸೂರು, ಅದೂ ಬಟ್ಟೆಯದು. ಊರಗಲದ ಬಟ್ಟೆ. ಸೂರ್ಯ ಹುಟ್ಟುವ ಮುಂಚೆ ಅದನ್ನು ಎತ್ತಬೇಕು, ಮುಳುಗಿದ ಮೇಲೆ ಇಳಿಸಬೇಕು. ಅಂಚಿನ ಸುತ್ತಲೂ ಕಂಬ ಹಿಡಿದು, ಹೊರಕ್ಕೆ ಜಗ್ಗಿ ನಿಲ್ಲುವವರು ನಾವು. ನಾವು ಜಗ್ಗಿ ನಿಂತರೆ ನಡು ಬಿಗಿಯಾಗಿರುತ್ತದೆ, ನಡು ಬಿಗಿಯಾಗಿದ್ದರೆ ಊರು ಉಣ್ಣುತ್ತದೆ, ಮಲಗುತ್ತದೆ, ಮದುವೆ ಮಾಡುತ್ತದೆ, ಜಗಳ ಆಡುತ್ತದೆ. ನಮ್ಮನ್ನು ಕಂಬದವರು ಅಂತ ಕರೆಯುತ್ತಾರೆ.

ಬೆಳಗಿನ ಪಾಳಿಯವರು ಬೇರೆ, ಮಧ್ಯಾಹ್ನದ ಪಾಳಿಯವರು ಬೇರೆ. ಹೊತ್ತು ನೆತ್ತಿಗೆ ಬಂದಾಗ ಮಧ್ಯಾಹ್ನದವರು ಬೆಳಗಿನವರ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ. ಬೆಳಗಿನವರು "ಕೊಟ್ಟೆ" ಅನ್ನಬೇಕು. ಮಧ್ಯಾಹ್ನದವರು "ತಗೊಂಡೆ" ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಹಿಡಿದ ಬೆರಳು ಬಿಡುವುದಿಲ್ಲ. ಬಿಡಬಾರದು ಅಂತಲ್ಲ, ಬಿಡುವುದೇ ಇಲ್ಲ, ಬೆರಳುಗಳು ಹಾಗೆ ಪಳಗಿವೆ. ಇನ್ನು "ತಗೊಂಡೆ" ಅಂದವರು ಆ ಮಾತನ್ನು ವಾಪಸು ನುಂಗುವ ಹಾಗಿಲ್ಲ. ಅಂದ ಮೇಲೆ ಕಂಬ ಅವರದು. ಮೂಡಲಿಂದ ಶುರುವಾಗಿ ಕೊಟ್ಟೆ, ತಗೊಂಡೆ, ಕೊಟ್ಟೆ, ತಗೊಂಡೆ ಅಂತ ದನಿ ಊರು ಸುತ್ತಿ ಬರುತ್ತದೆ. ಅದನ್ನು ಕೇಳಿಯೇ ಮನೆಗಳಲ್ಲಿ ಮುದ್ದೆ ತೊಳಸಲು ಕೂರುವುದು.

ಮೂಡಲ ಮೂಲೆಯ ಕಂಬ ಬೆಳಗಿನ ಹೊತ್ತು ಅಕ್ಕನದು, ಮಧ್ಯಾಹ್ನದಿಂದ ನನ್ನದು. ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ, ಊರಿಗೆಲ್ಲ ಅಕ್ಕ. ಬೆಳಗಿನ ಸೂರ್ಯ ಬಟ್ಟೆಯ ಕೆಳಗಿಂದ ನುಗ್ಗಿ ನೇರ ಅವಳ ಮುಖಕ್ಕೆ ಹೊಡೆಯುತ್ತಾನೆ. ಮಧ್ಯಾಹ್ನದ ಮೇಲೆ ನೆರಳು ಮೂಡಲಿಗೆ ಹೊರಳುವುದರಿಂದ ನನ್ನದು ಸುಖದ ಪಾಳಿ. ಅದಲುಬದಲು ಮಾಡಿಕೊಳ್ಳೋಣ ಅಂತ ಎಷ್ಟು ಸಲ ಕೇಳಿದರೂ, "ನೀನು ಬೆಳಗ್ಗೆ ಏಳೋ ಚಂದ ನಾನು ನೋಡಿಲ್ವೇನೆ, ಸುಮ್ನಿರು" ಅನ್ನುತ್ತಿದ್ದಳು. ನನ್ನನ್ನು ಊರಲ್ಲಿ ಬಾಯಾಳಿ ಅನ್ನುತ್ತಾರೆ. ಅನ್ನಲಿ, ಸುಳ್ಳೇನಲ್ಲ. ಆದರೆ ಆ ಹೆಂಗಸಿನ ಮುಂದೆ ಮಾತ್ರ ನನ್ನ ಬಾಯಿ ಯಾವತ್ತೂ ಗೆದ್ದದ್ದಿಲ್ಲ.

ಊರ ನಟ್ಟನಡುವೆ ಬಾವಿಕಟ್ಟೆ. ನೆರಳು ಅಲ್ಲಿ ಎಷ್ಟು ದಟ್ಟ ಅಂದರೆ ಕಲ್ಲು ಸದಾ ಒದ್ದೆ. ತೋಳು ಸೋತ ಕಂಬದವರಿಗೆ ಅದೇ ಜಾಗ. ಒಂದು ಮಧ್ಯಾಹ್ನ "ತಗೊಂಡೆ" ಅನ್ನಿಸಿಕೊಂಡ ಮೇಲೆ ಅವರು ಮನೆಗೆ ಹೋಗುವುದಿಲ್ಲ, ಕಟ್ಟೆಗೆ ಹೋಗುತ್ತಾರೆ. ಊರಲ್ಲಿ ಯಾರಿಗೆ ಎಲ್ಲಿ ನೆರಳು ಅಂತ ಹಂಚುವ ನೆರಳಿನ ಯಜಮಾನರು ತಾವೇ ಮುಂದೆ ಕೂತು ಅವರ ಅಂಗೈಗೆ ಹರಳೆಣ್ಣೆ ತಿಕ್ಕಿ, "ಇನ್ನು ಈ ಕೈ ಸುಮ್ಮನಿರಲಿ" ಅನ್ನುತ್ತಾರೆ. ಅಲ್ಲಿಂದಾಚೆಗೆ ಒಂದು ಕಲ್ಲು ಅವರದು, ಬದುಕಿರುವ ತನಕ. ಮಧ್ಯಾಹ್ನದ ಊಟ ಯಾರ ಮನೆಯಿಂದಾದರೂ ಬರುತ್ತದೆ. ಅಕ್ಕನಿಗಿಂತ ಮುಂಚೆ ಮೂಡಲ ಮೂಲೆ ಹಿಡಿದಿದ್ದ ಅಜ್ಜ ಅಲ್ಲೇ ಕೂತಿದ್ದ. ಬೆಳಗಿನ ಬಿಸಿಲನ್ನು ನೋಡಿ ನೋಡಿ ಅವನ ಕಣ್ಣು ಹೋಗಿದ್ದವು. ಎಣ್ಣೆ ತಾಗಿ ತಾಗಿ ಅಂಗೈ ಎಳೆ ಮಗುವಿನದರ ಹಾಗೆ ಮೆತ್ತಗಾಗಿದ್ದವು.

ಅಕ್ಕನ ಬಲಭುಜ ಆಗಲೇ ಕಳಚಿದ ಬಾಗಿಲಿನ ಹಾಗೆ ಸದ್ದು ಮಾಡುತ್ತಿತ್ತು. ಮುಂದಿನ ಹುಣ್ಣಿಮೆಗೆ ಅವಳಿಗೆ ಎಣ್ಣೆ ಅಂತ ಮಾತಾಗಿತ್ತು. ಅಜ್ಜನ ಪಕ್ಕದ ಕಲ್ಲನ್ನು ತಿಕ್ಕಿ ತೊಳೆದೂ ಇಟ್ಟಿದ್ದರು. ಒಂದು ದಿನ ಯಾರೂ ಇಲ್ಲದ ಹೊತ್ತು ಅವಳು ಆ ಕಲ್ಲಿನ ಮೇಲೆ ಮೆಲ್ಲಗೆ ಕೂತು, ಕಾಲು ಚಾಚಿ, ನಾನು ನೋಡಿದ್ದು ಕಂಡು ತಟ್ಟನೆ ಎದ್ದಳು. "ಸೆರಗು ಬಿದ್ದಿತ್ತು, ಎತ್ಕೊಳ್ತಿದ್ದೆ" ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಇತ್ತು.

ಆಗ ಬಟ್ಟೆ ಕುಗ್ಗಲು ಶುರುವಾಯಿತು.

ಹರಿಯಲಿಲ್ಲ, ಸುಡಲಿಲ್ಲ, ಸುಮ್ಮನೆ ಕುಗ್ಗಿತು. ನಮ್ಮೂರಿಗೆ ಇಂಥ ಕಾಲ ಬರುವುದುಂಟು. ಬೆಳಗ್ಗೆ ಎತ್ತಿದರೆ ನಿನ್ನೆ ಮುಟ್ಟುತ್ತಿದ್ದ ಕಡೆಗೆ ಇವತ್ತು ಮುಟ್ಟುವುದಿಲ್ಲ. ನಾವು ಒಂದು ಹೆಜ್ಜೆ ಒಳಗೆ ಬಂದು ನಿಂತೆವು. ಮತ್ತೊಂದು ಹೆಜ್ಜೆ ಬಂದೆವು. ಅಂಚಿನ ಮನೆಗಳು ಬಿಸಿಲಿಗೆ ಬಿದ್ದವು. ಜನ ಪಾತ್ರೆ ಪಗಡ ಹೊತ್ತುಕೊಂಡು ಒಳಗೆ ಒಳಗೆ ಸರಿದರು. ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಉಣ್ಣುತ್ತಾ ಉಣ್ಣುತ್ತಾ ತಲೆಯೆತ್ತಿ ಬಟ್ಟೆಯ ಅಂಚು ನೋಡುವುದು, ಮಾತಿನ ನಡುವೆ ಎದ್ದು ಹೋಗಿ ನೆರಳಿನ ಗೆರೆಯ ಮೇಲೆ ಕಾಲಿಟ್ಟು ಬರುವುದು ಎಲ್ಲರಿಗೂ ಚಟವಾಯಿತು.

ನೆರಳಿನ ಯಜಮಾನರು ಕಂಬದಿಂದ ಕಂಬಕ್ಕೆ ತಾವೇ ಬಂದರು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ, ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ. ಅವರ ಮನೆಯ ಅಂಗಳ ಕೂಡ ಅರ್ಧ ಬಿಸಿಲಿಗೆ ಬಿದ್ದಿತ್ತು.

"ನೋಡವ್ವ," ಅಂದರು ಅಕ್ಕನಿಗೆ, ಕೈಮುಗಿದೇ. "ಇರೋ ನೆರಳೇ ಇಷ್ಟು. ಕಟ್ಟೆ ಮೇಲೆ ಕೂತಿರೋರನ್ನ ನಾನು ಎಬ್ಬಿಸೋಲ್ಲ. ಹೊಸಬರನ್ನ ಕೂರಿಸೋಕೆ ಮಾತ್ರ ಆಗೋಲ್ಲ. ಕಾಲ ಸರಿಹೋಗಲಿ, ನೋಡೋಣ."

"ನನ್ನ ಭುಜ ಕಾಲ ನೋಡ್ಕೊಂಡು ಕೂರೋಲ್ಲ, ಯಜಮಾನ್ರೆ" ಅಂದಳು ಅಕ್ಕ.

"ಗೊತ್ತು ಕಣವ್ವ. ನನಗೇನು ಖುಷೀನಾ?" ಅಂದರು. ಖುಷಿ ಇರಲಿಲ್ಲ, ನಿಜ. ಆದರೆ ಅಲ್ಲಿಂದ ಹೋದವರು ನೇರ ಬಾವಿಯ ಪಕ್ಕದ ತಮ್ಮ ಚಾಪೆಯ ಮೇಲೆ ಕೂತರು, ಅದೂ ನಿಜ.

ಆವತ್ತು ಸಂಜೆ ಬಟ್ಟೆ ಇಳಿಸಿ ಮಡಚುವಾಗ ಕಂಬದವರೆಲ್ಲ ಮಾತಿಗೆ ಕೂತೆವು. ಪಡುವಣ ಸಾಲಿನ ಎಡಗೈಯವನದು ಮೊದಲಿಂದಲೂ ಮೂಗಿನ ತುದಿಯ ಕೋಪ. ಅವನು ಮಡಿಕೆಯನ್ನು ನೆಲಕ್ಕೆ ಬಡಿದು ಹೇಳಿದ: "ಕಾಲ ಚೆನ್ನಾಗಿದ್ದಾಗ ಕೇಳಿದ್ರೆ, ಎಲ್ಲಾ ಚೆನ್ನಾಗೇ ಇದೆಯಲ್ಲ, ಈಗ್ಯಾಕೆ ಅಂದ್ರು. ಕೆಟ್ಟಾಗ ಕೇಳಿದ್ರೆ, ಕಾಲ ಕೆಟ್ಟಿದೆ, ಈಗ್ಯಾಕೆ ಅಂತಾರೆ. ಹಾಗಾದ್ರೆ ಕೇಳೋ ಕಾಲ ಯಾವುದಪ್ಪ? ನನಗೆ ಹೇಳಿ, ನಾನು ಅವತ್ತೇ ಬಂದು ಕೇಳ್ತೀನಿ."

"ಏನು ಮಾಡೋಣ ಅಂತೀಯಾ?" ಅಂದೆ ನಾನು.

"ಏನೂ ಮಾಡೋದು ಬೇಡ. ನಾಳೆ ಮಧ್ಯಾಹ್ನ ಬೆಳಗಿನೋರು ಕೊಟ್ಟೆ ಅನ್ಲಿ. ನಾವು ಬಾಯಿ ಮುಚ್ಕೊಂಡು ನಿಲ್ಲೋಣ. ಬೆಳಗಿನೋರ ತೋಳು ಎಷ್ಟು ಹೊತ್ತು ತಡೀತದೆ? ಬಟ್ಟೆ ಜೋಲಿ ಹೊಡೆಯೋದು ನೋಡಿದ್ರೆ ಯಜಮಾನ್ರು ಎಣ್ಣೆ ಬಟ್ಟಲು ಹಿಡ್ಕೊಂಡು ತಾವೇ ಓಡಿಬರ್ತಾರೆ."

ತೆಂಕಣ ಸಾಲಿನ ಬಾಣಂತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳೂ ಕಂಬದವಳೇ, ಹೆರಿಗೆಗೆ ಅಂತ ಬಿಟ್ಟಿದ್ದಳು. "ಅಣ್ಣ, ನಮ್ಮ ಮನೆ ಅಂಚಲ್ಲಿದೆ" ಅಂದಳು. "ಬಟ್ಟೆ ಬಿದ್ರೆ ಮೊದಲು ಬಿಸಿಲು ಬೀಳೋದು ಯಜಮಾನ್ರ ಮೇಲಲ್ಲ, ಇದರ ಮೇಲೆ. ಇನ್ನೂ ಇದರ ನೆತ್ತಿ ಕೂಡಿಲ್ಲ, ಮುಟ್ಟಿ ನೋಡಿ ಬೇಕಾದ್ರೆ." ಯಾರೂ ಮುಟ್ಟಿ ನೋಡಲಿಲ್ಲ. "ಕಾಲ ಕೆಟ್ಟಿರೋದು ಸುಳ್ಳಾ ಹೇಳಿ? ಬಟ್ಟೆ ಕುಗ್ಗಿರೋದು ನಾವೇ ದಿನಾ ಹಿಡೀತೀವಲ್ಲ, ನಮಗಿಂತ ಯಾರಿಗೆ ಗೊತ್ತು?"

ನನಗೆ ಅವನ ಮಾತೂ ಸರಿ ಅನ್ನಿಸಿತು, ಅವಳ ಮಾತೂ ಸರಿ ಅನ್ನಿಸಿತು. ಹೀಗೆ ಎರಡೂ ಕಡೆ ಸರಿ ಅನ್ನಿಸಿದಾಗ ನನಗೆ ವಿಪರೀತ ಸಿಟ್ಟು ಬರುತ್ತದೆ. ಅಂಗಾಲು ತುರಿಸುತ್ತಿತ್ತು. ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ.

"ಅಕ್ಕನ್ನೇ ಕೇಳಿ" ಅಂದೆ.

ಎಲ್ಲರೂ ಅಕ್ಕನ ಕಡೆ ತಿರುಗಿದರು. ನನಗೋಸ್ಕರ ಇದೆಲ್ಲ ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ, ಅಂಥ ಹೆಂಗಸು ಅವಳು. ಅವಳು ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು, ಬೇರೆಯವರ ಸಾಮಾನು ಎತ್ತಿಟ್ಟ ಹಾಗೆ.

"ನನಗೆ ಕೂತ್ಕೋಬೇಕು" ಅಂದಳು. "ನಾಚಿಕೆ ಇಲ್ಲ ಕಣ್ರಪ್ಪ ಹೇಳೋಕೆ. ದೊಡ್ಡ ಮಾತೆಲ್ಲ ನನಗೆ ಗೊತ್ತಿಲ್ಲ. ನಾನು ಆ ಕಲ್ಲಿನ ಮೇಲೆ ಕೂತ್ಕೋಬೇಕು."

ಬಾಣಂತಿ ಮಗುವಿನ ನೆತ್ತಿಯ ಮೇಲೆ ಅಂಗೈ ಮುಚ್ಚಿದಳು. ಆಗಲಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮಾತು ಗಟ್ಟಿಯಾಯಿತು.

ಮಾರನೆಯ ದಿನದ ಬೆಳಗು ಸಾಗಲೇ ಇಲ್ಲ. ನಾನು ಮೂರು ಕೆಲಸ ಶುರುಮಾಡಿ ಮೂರನ್ನೂ ಅರ್ಧಕ್ಕೆ ಬಿಟ್ಟೆ. ಗಾಳಿ ಇರಲಿಲ್ಲ, ಆದರೂ ಬಟ್ಟೆ ಚರ್ಮದ ಹಾಗೆ ಅಲ್ಲಲ್ಲಿ ಅದುರುತ್ತಿತ್ತು. ಹೊತ್ತು ನೆತ್ತಿಗೆ ಬಂತು. ಹೋಗಿ ಅಕ್ಕನ ಬೆನ್ನ ಹಿಂದೆ ನಿಂತೆ. ಅವಳ ಕುತ್ತಿಗೆಯ ಬೆವರು ರವಿಕೆಯೊಳಗೆ ಇಳಿಯುತ್ತಿತ್ತು. ಭುಜ ಸದ್ದು ಮಾಡುತ್ತಿತ್ತು.

"ಕೊಟ್ಟೆ" ಅಂದಳು.

ನಾನು ಹಲ್ಲು ಕಚ್ಚಿದೆ. ನಾಲಿಗೆ ತಾನಾಗಿ ಮೇಲೆದ್ದು ಅಂಗುಳಕ್ಕೆ ಅಂಟಿತ್ತು, ಅದನ್ನು ಬಲವಂತದಿಂದ ಕೆಳಗೆ ಒತ್ತಿ ಹಿಡಿದೆ. ಪಕ್ಕದ ಕಂಬದಿಂದ "ಕೊಟ್ಟೆ" ಬಂತು. ಅದರಾಚೆಯಿಂದ "ಕೊಟ್ಟೆ." ತೆಂಕಲಿಂದ, ಪಡುವಲಿಂದ, ಬಡಗಲಿಂದ ಕೊಟ್ಟೆ, ಕೊಟ್ಟೆ, ಕೊಟ್ಟೆ. ಒಂದಕ್ಕೂ ಜವಾಬಿಲ್ಲ. ದನಿ ಊರು ಸುತ್ತಿ ಬಂದು ಮತ್ತೆ ನಮ್ಮ ಮೂಲೆಗೇ ತಲುಪಿತು. ಮನೆಗಳಲ್ಲಿ ಮುದ್ದೆಯ ಕೋಲು ನಿಂತವು. ನನ್ನ ಮುಂದೆ ಅಕ್ಕನ ತೋಳು ನಡುಗುತ್ತಿತ್ತು. ಅವಳ ಒಳ್ಳೆಯದಕ್ಕೆ ಅಂತ ಬಾಯಿ ಮುಚ್ಚಿಕೊಂಡು ಅವಳನ್ನೇ ಹಿಂಸೆ ಮಾಡುತ್ತಿದ್ದೆ. ಇದಕ್ಕಿಂತ ಕೆಟ್ಟ ಕೆಲಸವನ್ನು ನಾನು ಯಾವತ್ತೂ ಮಾಡಿರಲಿಲ್ಲ, ಆದರೂ ಬಾಯಿ ಬಿಡಲಿಲ್ಲ.

ಯಜಮಾನರು ಚಾಪೆಯಿಂದ ಎದ್ದರು. ಕಟ್ಟೆಯ ಮುಂದೆ ಬಂದು ನಿಂತು ಸುತ್ತ ನೋಡಿದರು. ಮುಖ ಬಿಳಿಚಿತ್ತು. ಏನೋ ಹೇಳಲು ಬಾಯಿ ತೆರೆದರು. ಇವತ್ತಿಗೂ ನನಗೆ ಕಾಡುವುದು ಅದೇ, ಅವರು ಏನು ಹೇಳುವುದಿತ್ತೋ ಅಂತ. ಹೇಳುವುದಕ್ಕೆ ಆಗಲಿಲ್ಲ. ಅವರ ಬೆನ್ನ ಹಿಂದೆ, ಕಟ್ಟೆಯ ಮೇಲಿಂದ ಅಜ್ಜನ ದನಿ ಬಂತು.

"ತಗೊಂಡೆ."

ಅವನ ಪಕ್ಕದ ಮುದುಕಿ ಅಂದಳು, "ತಗೊಂಡೆ." ಆಮೇಲೆ ಕಟ್ಟೆಯ ಅಷ್ಟೂ ಜನ ಒಬ್ಬರ ಹಿಂದೊಬ್ಬರು ಅಂದರು.

ಅವರದೇನು ತಪ್ಪು ಹೇಳಿ. "ಕೊಟ್ಟೆ" ಅಂತ ಯಾರೋ ಅಂದು, ಅದು ಯಾರೂ ಎತ್ತಿಕೊಳ್ಳದ ಕೂಸಿನ ಹಾಗೆ ಬಿದ್ದಿರುವುದನ್ನು ಅವರು ಹುಟ್ಟಿದಾಗಿಂದ ಕೇಳಿರಲಿಲ್ಲ. ನಾವು ಏನೇನೋ ಲೆಕ್ಕ ಹಾಕಿದ್ದೆವು. ಯಜಮಾನರ ಹಟ, ಬೆಳಗಿನವರ ತೋಳು, ಬಿಸಿಲಿನ ಬಿರುಸು, ಎಲ್ಲಾ. ಕಟ್ಟೆಯ ಮೇಲೆ ಕೂತವರೂ ಕಂಬದವರೇ ಅನ್ನುವುದನ್ನು ಮಾತ್ರ ಮರೆತಿದ್ದೆವು. ಅವರ ಕೈಗೆ ಎಣ್ಣೆ ಹಚ್ಚಿದ್ದರು, ಕಿವಿಗೆ ಹಚ್ಚಿರಲಿಲ್ಲ.

ಅವರು ನೆರಳಿಂದ ಇಳಿದು ನಾಲ್ಕೂ ದಿಕ್ಕಿಗೆ ನಡೆದು ಬಂದರು, ಮೆತ್ತನೆಯ ಅಂಗೈಗಳನ್ನು ಮುಂದೆ ಚಾಚಿಕೊಂಡು. ಮೂಡಲ ಮೂಲೆಯ ದಾರಿ ಅಜ್ಜನ ಕಾಲಿಗೆ ನೆನಪಿತ್ತು. ಎಡವದೆ ಬಂದು ಅಕ್ಕನ ಪಕ್ಕ ನಿಂತ.

"ಕೊಡು ತಾಯಿ."

"ನಿನ್ನನ್ನಲ್ಲ ಕಣಜ್ಜ ಕೇಳಿದ್ದು" ಅಂದಳು ಅಕ್ಕ. ಅಳುತ್ತಿದ್ದಳು.

"ಮತ್ತೆ ಯಾರನ್ನ ಕೇಳಿದ್ದು?" ಅಂದ ಅಜ್ಜ. "ಯಾರೂ ಅನ್ಲಿಲ್ಲವಲ್ಲ."

ಅವಳ ಬೆರಳು ತಾವಾಗಿ ಬಿಟ್ಟವು. ಅಜ್ಜ ಕಂಬಕ್ಕೆ ಆತುಕೊಂಡು ಹಿಡಿದ. ಹಿಡಿದ ಗಳಿಗೆ ಅವನ ಮುಖದಲ್ಲಿ ಒಂಥರಾ ಕಳೆ ಬಂತು, ನಾನು ಸುಳ್ಳು ಹೇಳುವುದಿಲ್ಲ. ಆಮೇಲೆ ಮೊಣಕಾಲು ಬಡಿದುಕೊಳ್ಳತೊಡಗಿದವು. ಅಂಗೈಯ ಸಿಪ್ಪೆ ಸುಲಿಯಿತು. ಸುತ್ತಲೂ ಬಟ್ಟೆ ಅಲ್ಲಲ್ಲಿ ಬಾಗಿತು. ಸ್ವಲ್ಪ ಹೊತ್ತಿಗೆ ಅಜ್ಜ ಅಂದ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ: "ಕೊಟ್ಟೆ."

"ತಗೊಂಡೆ" ಅಂದುಬಿಟ್ಟಳು ಅಕ್ಕ.

ಸುತ್ತ ಎಲ್ಲಾ ಕಡೆ ಹಾಗೇ ಆಯಿತು. ಎಡಗೈಯವನೇ ಎಲ್ಲರಿಗಿಂತ ಗಟ್ಟಿಯಾಗಿ "ತಗೊಂಡೆ" ಅಂದದ್ದು ನನಗೆ ಕೇಳಿಸಿತು. ಬಟ್ಟೆ ಮತ್ತೆ ಬಿಗಿಯಾಯಿತು. ಮುದ್ದೆಯ ಕೋಲು ಮತ್ತೆ ತಿರುಗಿದವು. ನಮ್ಮ ಮುಷ್ಕರ ಒಂದು ಹದ ಅನ್ನ ಬೇಯುವಷ್ಟು ಹೊತ್ತೂ ಬಾಳಲಿಲ್ಲ.

ಮುದುಕರು ವಾಪಸು ಕಟ್ಟೆಯ ಕಡೆ ಹೊರಟರು. ಯಜಮಾನರು ದಾರಿಗೆ ಅಡ್ಡ ನಿಂತಿದ್ದರು. ದನಿ ಏರಿಸಲಿಲ್ಲ.

"ನಾನು ಯಾರನ್ನೂ ಎಬ್ಬಿಸಲಿಲ್ಲ, ನೀವೇ ಎದ್ರಿ" ಅಂದರು. "ತಗೊಂಡೆ ಅಂದೋರು ಕಂಬದೋರು, ಕಟ್ಟೆಯೋರಲ್ಲ. ಈ ಕಟ್ಟಲೆ ನಾನು ಮಾಡಿದ್ದಲ್ಲ, ನಿಮ್ಮದೇ. ಹೊಸಬರನ್ನ ಕೂರಿಸೋಲ್ಲ ಅಂತ ಮೊದಲೇ ಹೇಳಿದ್ದೀನಿ. ಕಾಲ ಸರಿಹೋಗಲಿ, ನೋಡೋಣ."

ಬಾವಿಕಟ್ಟೆ ಖಾಲಿಯಾಯಿತು. ಯಜಮಾನರು ಅದನ್ನು ತಮ್ಮ ಮನೆಗೆ ಬಳಸಿಕೊಳ್ಳಲಿಲ್ಲ, ಅಷ್ಟು ಹೇಳಲೇಬೇಕು. ಬಿಸಿಲಿಗೆ ಬಿದ್ದ ಅಂಚಿನ ಮನೆಗಳವರನ್ನು ಕರೆದು ಅಲ್ಲಿ ಕೂರಿಸಿದರು. ಬಾಣಂತಿ ಮಗುವನ್ನು ಎತ್ತಿಕೊಂಡು ಬಂದು ಅಜ್ಜನ ಕಲ್ಲಿನ ಮೇಲೆ ಕೂತಳು. ತಲೆ ಎತ್ತಲಿಲ್ಲ. ಅವಳನ್ನು ಏಳು ಅನ್ನಲು ನಮಗೆ ಯಾವ ಬಾಯಿ ಇತ್ತು? ಯಜಮಾನರು ಯಾವ ಬೈಗುಳಕ್ಕೂ ಸಿಕ್ಕದ ಹಾಗೆ ಗೆದ್ದಿದ್ದರು.

ಅಜ್ಜ ಎಲ್ಲಿಗೆ ಹೋಗಬೇಕು? ಅವನಿಗೆ ಮನೆ ಅಂತ ಇದ್ದದ್ದು ಆ ಕಲ್ಲು. ಮಾರನೆಯ ಬೆಳಗ್ಗೆ ಅಕ್ಕ ಅವನ ಕೈ ಹಿಡಿದು ಕರೆತಂದು ತನ್ನ ಬೆನ್ನ ಹಿಂದೆ ಕೂರಿಸಿಕೊಂಡಳು. ಸೂರ್ಯ ಎದುರಿಗೆ ಏಳುತ್ತಾನಲ್ಲ, ಅವಳ ಮೈಯ ನೆರಳು ಹಿಂದೆ ಬೀಳುತ್ತದೆ. ಒಬ್ಬ ಸಣಕಲು ಹೆಂಗಸಿನ ಮೈ ಎಷ್ಟು ನೆರಳು ಕೊಟ್ಟೀತು? ಅಜ್ಜ ಮಂಡಿ ಎದೆಗೊತ್ತಿ ಅಷ್ಟರಲ್ಲೇ ಮುದುರಿ ಕೂತ. ಅದನ್ನು ನೋಡಿ ಪಕ್ಕದ ಕಂಬದವನು ತನಗೆ ಕಂಬ ಕೊಟ್ಟಿದ್ದ ಮುದುಕಿಯನ್ನು ಕರೆತಂದ. ಪಡುವಣದವರು ಮಧ್ಯಾಹ್ನದ ಮೇಲೆ ತಮ್ಮವರನ್ನು ಕೂರಿಸಿಕೊಂಡರು. ಹೀಗೆ ಪ್ರತಿ ಕಂಬದ ಬುಡಕ್ಕೂ ಒಂದು ಮುದಿ ಜೀವ ಬಂತು.

ನೆರಳು ಇದ್ದಲ್ಲಿ ಇರುವುದಿಲ್ಲ. ಸೂರ್ಯ ಒಂದು ಬೆರಳು ಸರಿದರೆ ಅಜ್ಜನ ಮಂಡಿಗೆ ಬಿಸಿಲು. ಅಕ್ಕ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾಳೆ. ಇನ್ನೊಂದು ಬೆರಳು ಸರಿದರೆ ಅಜ್ಜನ ಕಿವಿಗೆ ಬಿಸಿಲು. ಇನ್ನೊಂದು ಹೆಜ್ಜೆ. ಊರ ಸುತ್ತಲೂ ಕಂಬದವರೆಲ್ಲ ಹೀಗೆ ಸರಿಯಲು ಶುರುಮಾಡಿದರು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ, ನನ್ನಾಣೆ. ನಾವು ಸರಿದರೆ ಕಂಬ ಸರಿಯುತ್ತದೆ, ಕಂಬ ಸರಿದರೆ ಬಟ್ಟೆ ಸರಿಯುತ್ತದೆ. ಹಿಂದೆಲ್ಲ ದಿನಾ ಗೊತ್ತಿದ್ದ ಗೆರೆಯಲ್ಲೇ ಹೊರಳುತ್ತಿದ್ದ ನೆರಳು ಈಗ ಊರ ಮೇಲೆ ಅಲೆದಾಡತೊಡಗಿತು. ಉಣ್ಣಲು ಕೂತವರ ತಟ್ಟೆ ಬಿಸಿಲಿಗೆ ಬಿತ್ತು. ಮಲಗಿದವರ ಕಾಲು ಬಿಸಿಲಿಗೆ ಬಿತ್ತು. ಊರಿಗೆ ಊರೇ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ನೆರಳಿನ ಹಿಂದೆ ತಿರುಗಾಡಿತು.

ಯಜಮಾನರು ಹೇಳಿ ಕಳಿಸಿದರು, ನೆಟ್ಟಗೆ ನಿಲ್ಲಿ ಅಂತ.

"ಕಂಬ ಹಿಡಿದೇ ಇದ್ದೀವಲ್ಲ. ಯಾರೂ ಬಿಟ್ಟಿಲ್ಲ. ನಿಂತಲ್ಲಿ ನಿಲ್ಲೋಕೆ ಮಾತ್ರ ಆಗ್ತಿಲ್ಲ ಅಂತ ಹೇಳಿ" ಅಂತ ನಾನೇ ಜವಾಬು ಕಳಿಸಿದೆ.

ಅವರು ಕಟ್ಟೆಯ ಮೇಲಿನವರನ್ನು ನಮ್ಮ ಮೇಲೆ ಎತ್ತಿಕಟ್ಟಲೂ ನೋಡಿದರಂತೆ. ಬಾಣಂತಿಯ ಹತ್ತಿರ ಹೋಗಿ, "ಮಗೂನ ಎತ್ಕೊಂಡು ಎಷ್ಟು ಸಲ ಜಾಗ ಬದಲಾಯಿಸ್ತೀಯವ್ವ, ನೀನಾದ್ರೂ ಅವರಿಗೆ ಹೇಳಬಾರ್ದಾ" ಅಂದರಂತೆ. ಅವಳು ಮಗುವನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿ, "ನನಗೆ ಎತ್ಕೊಂಡು ಓಡಾಡಿ ಅಭ್ಯಾಸ, ಯಜಮಾನ್ರೆ" ಅಂದಳಂತೆ. ಇದನ್ನು ಕೇಳಿದ ದಿನ ನಾನು ಅವಳ ಮೇಲಿನ ಸಿಟ್ಟನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೆ.

ಬಟ್ಟೆ ಮಾತ್ರ ಹಿಗ್ಗಲಿಲ್ಲ. ಕಾಲ ಸರಿಹೋಗಲಿಲ್ಲ. ಅಕ್ಕನ ಬಲತೋಳು ಕಿತ್ತಿಟ್ಟ ಸೊಪ್ಪಿನ ಹಾಗೆ ಬಾಡಿ ಜೋತಿತ್ತು. ಎಡಗೈಯಲ್ಲಿ ಹಿಡಿದು, ಗಲ್ಲವನ್ನು ಕಂಬಕ್ಕೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಆದರೂ ಅಜ್ಜನ ಮೇಲೆ ಬಿಸಿಲು ಬಿದ್ದರೆ ಅವಳಿಗೆ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು.

ಒಂದು ದಿನ ಹೊತ್ತು ನೆತ್ತಿಗೇರುವುದಕ್ಕೆ ಎಷ್ಟೋ ಮುಂಚೆ ನಾನು ಮೂಲೆಗೆ ಬಂದಿದ್ದೆ. ಅಜ್ಜನಿಗೆ ನೀರು ಕುಡಿಸುತ್ತಾ ಕೂತಿದ್ದೆ. ನೋಡಿದರೆ ಯಜಮಾನರು ಚಾಪೆ ಹಿಡಿದುಕೊಂಡು ಬರುತ್ತಿದ್ದಾರೆ. ನೆರಳು ಅವರನ್ನು ಬೆಳಗಿನಿಂದ ಜಾಗದಿಂದ ಜಾಗಕ್ಕೆ ಓಡಿಸಿ ಓಡಿಸಿ ಕೊನೆಗೆ ನಮ್ಮ ಮೂಲೆಗೇ ತಂದುಬಿಟ್ಟಿತ್ತು. ಅಂಗಿ ಮೈಗಂಟಿತ್ತು. ಕೋಪ ಬಂದಿರಬೇಕು ಅಂದುಕೊಂಡೆ. ಇಲ್ಲ, ದಣಿವು.

"ಎಷ್ಟು ದಿನ ಹೀಗೆ?" ಅಂದರು. "ಒಂದು ಗಳಿಗೆ ನೆಟ್ಟಗೆ ಕೂರೋಕಾಗದೆ ಹೋಯ್ತಲ್ಲವ್ವ ಊರಿಗೆ."

ಅಕ್ಕ ತಿರುಗಿ ನೋಡಲಿಲ್ಲ. ಕಂಬಕ್ಕೆ ಗಲ್ಲ ಒತ್ತಿಕೊಂಡೇ, ಸೂರ್ಯನನ್ನೇ ನೋಡುತ್ತಾ ಅಂದಳು:

"ಕೊಟ್ಟೆ."

ನಾನು ಎದ್ದು ನಿಂತೆ. ಅವಳ ಹಿಂದೆ ನಿಲ್ಲಬೇಕಾದವಳು ನಾನು, ಜವಾಬು ಹೇಳಬೇಕಾದವಳು ನಾನು. ನಾಲಿಗೆ ಮತ್ತೆ ಮೇಲೆದ್ದಿತು. ಆದರೆ ಪಾಳಿ ಬದಲಾಯಿಸುವ ಹೊತ್ತು ಇನ್ನೂ ಬಂದಿರಲಿಲ್ಲ, ಅವಳು ನನ್ನನ್ನು ಕೇಳಿದ್ದೂ ಅಲ್ಲ. ಕೆಳಗೆ ಅಜ್ಜನ ತುಟಿ ಅಲುಗಿತು. ನಾನು ತಟ್ಟನೆ ಬಗ್ಗಿ ಅವನ ಬಾಯಿಯ ಮೇಲೆ ಕೈಯಿಟ್ಟೆ. ಅವನ ಉಸಿರು ನನ್ನ ಅಂಗೈಗೆ ಬಿಸಿಯಾಗಿ ತಾಗುತ್ತಿತ್ತು. ಆ ಮಾತು ಅವನ ಗಂಟಲಲ್ಲಿ ಗುದ್ದಾಡುವುದು ನನ್ನ ಕೈಗೆ ಗೊತ್ತಾಗುತ್ತಿತ್ತು.

ಪಕ್ಕದ ಕಂಬದವನು ಕೇಳಿಸಿಕೊಂಡ. ಅದರಾಚೆಯವರು ಕೇಳಿಸಿಕೊಂಡರು. ಯಾರೂ ತುಟಿ ಬಿಚ್ಚಲಿಲ್ಲ.

ಯಜಮಾನರು ನನ್ನನ್ನು ನೋಡಿದರು, ಅಜ್ಜನನ್ನು ನೋಡಿದರು. ತಿರುಗಿ ದೂರದ ಕಟ್ಟೆಯನ್ನು ನೋಡಿದರು, ಅಲ್ಲಿಂದ ಎದ್ದು ಬರುವವರು ಯಾರೂ ಇರಲಿಲ್ಲ. ಅಕ್ಕನ ಬೆರಳು ಒಂದೊಂದಾಗಿ ಬೆಳ್ಳಗಾಗುತ್ತಿದ್ದವು. ಮೂಲೆ ಬಾಗಿತು. ಬಟ್ಟೆಯ ಅಂಚು ಯಜಮಾನರ ತಲೆಗೆ ತಾಗಿತು. ಅಷ್ಟು ಹತ್ತಿರದಿಂದ ಅವರು ಅದನ್ನು ಎಂದಾದರೂ ನೋಡಿದ್ದರೋ ಇಲ್ಲವೋ.

ಚಾಪೆಯನ್ನು ಕೆಳಗಿಟ್ಟರು.

"ತಗೊಂಡೆ" ಅಂದರು. ಆ ಮಾತನ್ನು ಹುಟ್ಟಿದಾಗಿಂದ ದಿನಾ ಕೇಳಿದ್ದರೂ ಒಮ್ಮೆಯೂ ಆಡಿರದವರ ದನಿ ಅದು, ಎಲ್ಲಿ ಒತ್ತಬೇಕು ಅಂತ ಗೊತ್ತಿರಲಿಲ್ಲ.

ಅಕ್ಕನ ಕೈ ಬಿಟ್ಟಿತು. ಅವರು ಹಿಡಿದರು. ಮೊದಲು ಓಲಾಡಿದರು, ಆಮೇಲೆ ಕಾಲು ಅಗಲಿಸಿ ನಿಂತರು. ಅಕ್ಕ ನಿಧಾನವಾಗಿ ಹಿಂದಕ್ಕೆ ಬಂದು, ಚಾಪೆಯನ್ನು ಬಿಡಿಸಿ, ಅಜ್ಜನನ್ನು ಅದರ ಮೇಲೆ ಸರಿಸಿ, ತಾನೂ ಪಕ್ಕದಲ್ಲಿ ಕೂತಳು. ಕಾಲು ಚಾಚಿದಳು. ನಾನು ನೋಡುತ್ತಿದ್ದೆ, ಆದರೂ ಈ ಸಲ ಅವಳು ಏಳಲಿಲ್ಲ. ಯಜಮಾನರ ಮೈ ದೊಡ್ಡದು, ನೆರಳು ಇಬ್ಬರಿಗೂ ಸಾಲುವಷ್ಟಿತ್ತು.

ಸೂರ್ಯ ಒಂದು ಬೆರಳು ಸರಿದ.

"ಯಜಮಾನ್ರೆ," ಅಂದಳು ಅಕ್ಕ, "ಸ್ವಲ್ಪ ಈ ಕಡೆಗೆ. ಅಜ್ಜನ ಕಾಲಿಗೆ ಬಿಸಿಲು ಬೀಳ್ತಿದೆ."

ಅವರು ತಲೆಯೆತ್ತಿ ಬಟ್ಟೆಯನ್ನು ನೋಡಿದರು. ತಾವು ಯಾವ ಕಡೆಗೆ ಸರಿದರೆ ಊರ ನಡುವೆ ಯಾರ ಅಂಗಳ ಬಿಸಿಲಿಗೆ ಬೀಳುತ್ತದೆ ಅನ್ನುವುದು ಅವರಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಸರಿದರು.